ಗುಂಡಿ ಒತ್ತುವ ಮುನ್ನ ಪರದೆ ಏನು ತೋರಿಸುತ್ತದೆ?

ಮುಂಬೈನ ಕ್ರಿಪ್ಟೊ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ವಾಲೆಟ್ ಒಂದರಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಯಿತು. ರೂಪಾಯಿ ಲೆಕ್ಕದಲ್ಲಿ ಎರಡು ಸಾವಿರ ಕೋಟಿಗೆ ಹತ್ತಿರ. ಗ್ರಾಹಕರು ಅಲ್ಲಿ ಇಟ್ಟಿದ್ದ ಒಟ್ಟು ಮೊತ್ತದ ಅರ್ಧಕ್ಕೆ ಸ್ವಲ್ಪ ಕಡಿಮೆ. ಕಾವಲೇ ಇರಲಿಲ್ಲ ಎನ್ನುವಂತಿಲ್ಲ. ಆ ವಾಲೆಟ್‌ಗೆ ಆರು ಸಹಿದಾರರು: ಐವರು ಕಂಪನಿಯವರು, ಆರನೆಯದು ಲಿಮಿನಲ್ ಎಂಬ ಕಸ್ಟಡಿ ಸಂಸ್ಥೆ. ಹಣ ಅಲುಗಬೇಕಾದರೆ ಕಂಪನಿಯ ಮೂವರು ಸಹಿ ಹಾಕಬೇಕು, ಆಮೇಲೆ ಲಿಮಿನಲ್ ಒಪ್ಪಬೇಕು. ಕಂಪನಿಯ ಆ ಮೂವರೂ ಸಹಿ ಹಾಕುತ್ತಿದ್ದದ್ದು ಲೆಡ್ಜರ್ ಹಾರ್ಡ್‌ವೇರ್ ವಾಲೆಟ್‌ನಿಂದ. ಕ್ರಿಪ್ಟೊ ಕೊಂಡವರಿಗೆಲ್ಲ 'ಅದೊಂದನ್ನು ತಗೊಂಡುಬಿಡಿ, ನಿಶ್ಚಿಂತೆ' ಎಂದು ಹೇಳಲಾಗುವ ಸಾಧನವೇ ಅದು.

ಆ ಸಾಧನಗಳನ್ನು ಯಾರೂ ಕದ್ದಿರಲಿಲ್ಲ, ಒಡೆದಿರಲೂ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಕಂಡದ್ದು ದಿನನಿತ್ಯದ ಒಂದು ವರ್ಗಾವಣೆ. ಆದರೆ ಸಹಿಗೆಂದು ಸಾಧನಕ್ಕೆ ಬಂದದ್ದು ಇಡೀ ವಾಲೆಟ್‌ನ ಹಿಡಿತವನ್ನು ಕಳ್ಳರಿಗೆ ಒಪ್ಪಿಸುವ ಆದೇಶ. ಅಷ್ಟು ತೊಡಕಿನ ಆದೇಶವನ್ನು ಬಿಡಿಸಿ ಹೇಳುವ ಶಕ್ತಿ ಸಾಧನದ ಪುಟ್ಟ ಪರದೆಗೆ ಇರಲಿಲ್ಲ. ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗಾಯಿತು. ಈ ವ್ಯವಹಾರದಲ್ಲಿ ಅದಕ್ಕೆ ಬ್ಲೈಂಡ್ ಸೈನಿಂಗ್ ಎಂಬ ಹೆಸರೇ ಇದೆ. ಕಂಪನಿ ಕಸ್ಟಡಿ ಸಂಸ್ಥೆಯ ಕಡೆ ಬೆರಳು ತೋರಿಸಿತು, ಕಸ್ಟಡಿ ಸಂಸ್ಥೆ ಕಂಪನಿಯ ಕಡೆ. 2025ರ ಜನವರಿಯಲ್ಲಿ ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ ಜಂಟಿ ಹೇಳಿಕೆ ಕೊಟ್ಟು ಇದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಎಂದವು.

ವಜೀರ್‌ಎಕ್ಸ್ ಕಳವಾದ ಏಳು ತಿಂಗಳಿಗೆ, 2025ರ ಫೆಬ್ರುವರಿ 21ರಂದು, ದುಬೈನ ಬೈಬಿಟ್ ಎಕ್ಸ್‌ಚೇಂಜ್‌ನಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು: ನಾಲ್ಕು ಲಕ್ಷಕ್ಕೂ ಹೆಚ್ಚು ಇಥರ್ ಕಾಯಿನ್, ಸುಮಾರು 150 ಕೋಟಿ ಡಾಲರ್. ಸಹಿ ಹಾಕುವವರು ಬಳಸುತ್ತಿದ್ದ ಸೇಫ್ ಎಂಬ ಜಾಲತಾಣದ ಪುಟಕ್ಕೇ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು. ಅದು ಬೈಬಿಟ್‌ನವರು ಪುಟ ತೆರೆದಾಗ ಮಾತ್ರ ಜಾಗೃತವಾಗುತ್ತಿತ್ತು. ಕೊನೆಯ ಸಹಿ ಕಂಪನಿಯ ಮುಖ್ಯಸ್ಥ ಬೆನ್ ಝೌ ಅವರದು. ಅವರ ಕೈಯಲ್ಲಿದ್ದದ್ದೂ ಲೆಡ್ಜರ್. ಸಾಧನದ ಮೇಲೆ ಪೂರ್ತಿ ವಿವರ ಕಾಣಲಿಲ್ಲ, ತಾನೂ ಸರಿಯಾಗಿ ಪರಿಶೀಲಿಸಲಿಲ್ಲ ಎಂದು ಅವರೇ ನಂತರ ಹೇಳಿದರು.

ಹಾರ್ಡ್‌ವೇರ್ ವಾಲೆಟ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಚಿಪ್ ಎಷ್ಟು ಗಟ್ಟಿ, ಎಷ್ಟು ಬಗೆಯ ಕಾಯಿನ್ ಇಡಬಹುದು, ಬ್ಲೂಟೂತ್ ಇದೆಯೇ ಎಂದು. ಗುಂಡಿ ಒತ್ತುವ ಮೊದಲು ಅದು ನನಗೆ ಏನನ್ನು ತೋರಿಸುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಆಯ್ಕೆ ಶುರುವಾಗಬೇಕಾದದ್ದು ಅಲ್ಲಿಂದ.

ಹೆಸರಿನಲ್ಲಿ ವಾಲೆಟ್ ಎಂದಿದ್ದರೂ ಈ ಸಾಧನದೊಳಗೆ ಒಂದು ಬಿಟ್‌ಕಾಯಿನ್ ಕೂಡ ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕ ಇರುವುದು ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿ ನಕಲಾಗಿರುವ ಬ್ಲಾಕ್‌ಚೈನ್ ಎಂಬ ಬಹಿರಂಗ ಖಾತೆಪುಸ್ತಕದಲ್ಲಿ. ಆ ವಿಳಾಸದಿಂದ ಖರ್ಚು ಮಾಡುವ ಅಧಿಕಾರ ಪ್ರೈವೇಟ್ ಕೀ ಎಂಬ ದೊಡ್ಡದೊಂದು ಗುಪ್ತ ಸಂಖ್ಯೆಗೆ ಸೇರಿದ್ದು. ಸಂಖ್ಯೆ ಯಾರಲ್ಲಿದೆಯೋ ಹಣ ಅವರದು. ಕಳೆದರೆ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ ಅರ್ಜಿ ಕೊಡುವ ಹಾಗಿಲ್ಲ. ಹಾರ್ಡ್‌ವೇರ್ ವಾಲೆಟ್ ಮಾಡುವುದು ಎರಡೇ ಕೆಲಸ. ಆ ಸಂಖ್ಯೆಯನ್ನು ಹೊರಗೆ ಬಿಡದೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಅಥವಾ ಮೊಬೈಲ್ ಕಳಿಸಿದ ವ್ಯವಹಾರವನ್ನು ತನ್ನದೇ ಪರದೆಯಲ್ಲಿ ತೋರಿಸಿ, ನೀವು ಗುಂಡಿ ಒತ್ತಿದ ಮೇಲೆ ಒಳಗೇ ಸಹಿ ಹಾಕಿ, ಸಹಿಯನ್ನು ಮಾತ್ರ ವಾಪಸ್ ಕೊಡುತ್ತದೆ. ಕಂಪ್ಯೂಟರ್‌ನಲ್ಲಿ ವೈರಸ್ ಇದ್ದರೂ ಅದರ ಕೈಗೆ ಕೀ ಸಿಗುವುದಿಲ್ಲ. ಸಹಿ ಮಾತ್ರ ಸಿಗುತ್ತದೆ, ಮತ್ತು ನೀವು ಒಪ್ಪಿದ್ದಕ್ಕಷ್ಟೇ. ಏನನ್ನು ಒಪ್ಪಿದಿರಿ ಎಂಬುದು ನಿಮಗೆ ಗೊತ್ತಿದ್ದರೆ ತೊಂದರೆಯಿಲ್ಲ.

ಮೊತ್ತ ಕಣ್ಣಿಗೆ ಕಾಣುವುದು ಬೇರೆ, ಕೀ ಕೈಯಲ್ಲಿರುವುದು ಬೇರೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಪಾಠವೊಂದಿದೆ. ಹ್ಯಾಕರ್ ಒಬ್ಬನನ್ನು ಬಂಧಿಸಿದ್ದ ಬೆಂಗಳೂರು ಪೊಲೀಸರು 2021ರ ಜನವರಿಯಲ್ಲಿ 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು ಪ್ರಕಟಿಸಿದರು. ಆ ವರ್ಷ ನವೆಂಬರ್‌ನಲ್ಲಿ, ವಿವಾದ ಎದ್ದ ಮೇಲೆ, ಅವರೇ ಸ್ಪಷ್ಟನೆ ಕೊಡಬೇಕಾಯಿತು: ಆರೋಪಿ ತನ್ನದೆಂದು ತೋರಿಸಿದ್ದು ಎಕ್ಸ್‌ಚೇಂಜ್ ಒಂದರ ಚಾಲ್ತಿ ವಿಳಾಸ, ಅದರ ಪ್ರೈವೇಟ್ ಕೀ ಅವನ ಬಳಿ ಇರಲೇ ಇಲ್ಲ. ಬ್ಲಾಕ್‌ಚೈನ್‌ನಲ್ಲಿ ಯಾರ ವಿಳಾಸದ ಮೊತ್ತವನ್ನು ಯಾರು ಬೇಕಾದರೂ ನೋಡಬಹುದು, ನೋಡಿದ್ದು ಜಪ್ತಿಯಾಗುವುದಿಲ್ಲ. ಪ್ರಕರಣ ಮುಂದೆ ವಿಧಾನಸೌಧದ ಗದ್ದಲವಾಗಿ, ಎಸ್‌ಐಟಿಗೂ ಹೋಯಿತು. ಅದು ಬೇರೆಯೇ ಪುರಾಣ.

ಇಷ್ಟೆಲ್ಲ ಗೋಜು ಯಾಕೆ, ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲೇ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ವಜೀರ್‌ಎಕ್ಸ್‌ನ ಗ್ರಾಹಕರು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಖಾತೆಯನ್ನು ಬರೀ ನೋಡುತ್ತ ಕೂತರು. ಸಿಂಗಪುರದ ನ್ಯಾಯಾಲಯ ಒಪ್ಪಿದ ಯೋಜನೆಯಂತೆ ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಎಕ್ಸ್‌ಚೇಂಜ್ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಹೋಯಿತು. ಉದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಮೂಲಕ ಕಳ್ಳರು ಒಳಹೊಕ್ಕರು ಎಂಬ ಜಾಡಿನಲ್ಲಿ ಬೆಂಗಳೂರು ಪೊಲೀಸರ ತನಿಖೆ ನಡೆಯಿತು. ಅಲ್ಲಿ ಗ್ರಾಹಕರಿಗೆ ಪೆಟ್ಟು ಬೀಳಲಿಲ್ಲ. ನಷ್ಟವನ್ನು ಕಂಪನಿ ತನ್ನ ಬೊಕ್ಕಸದಿಂದಲೇ ತುಂಬಿಕೊಳ್ಳುವುದಾಗಿ ಹೇಳಿತು. ಹೀಗೆ ತುಂಬಿಕೊಡಬೇಕೆಂಬ ಕಾನೂನಂತೂ ಇಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ, ಕ್ರಿಪ್ಟೊಗೆ ಐದು ರೂಪಾಯಿಯದೂ ಇಲ್ಲ.

ಹಾಗೆಂದು ಎಲ್ಲರೂ ಓಡಿಹೋಗಿ ಸಾಧನ ಕೊಳ್ಳಬೇಕಾಗಿಲ್ಲ. ಹೆಸರಾಂತ ಕಂಪನಿಗಳ ಅಗ್ಗದ ಮಾದರಿಗೂ ಆರೇಳು ಸಾವಿರ ರೂಪಾಯಿ ಬೀಳುತ್ತದೆ. ಹತ್ತು ಸಾವಿರದ ಬಿಟ್‌ಕಾಯಿನ್ ಕಾಯಲು ಏಳು ಸಾವಿರ ಖರ್ಚು ಮಾಡುವುದು ಜಾಣತನವಲ್ಲ. ಹೋದರೆ ರಾತ್ರಿ ನಿದ್ದೆ ಬರದಷ್ಟು ಮೊತ್ತ ಇದ್ದವರಿಗೆ ಇದು ಬೇಕು. ಅದಕ್ಕೂ ಮೊದಲು ನಿಮ್ಮ ಆ್ಯಪ್ ಹೊರಗಿನ ವಾಲೆಟ್‌ಗೆ ಕ್ರಿಪ್ಟೊ ಕಳಿಸಲು ಬಿಡುತ್ತದೆಯೇ ನೋಡಿಕೊಳ್ಳಿ. ಎಲ್ಲ ಆ್ಯಪ್‌ಗಳೂ ಬಿಡುವುದಿಲ್ಲ. ಬಿಡದಿದ್ದರೆ ನಿಮ್ಮಲ್ಲಿರುವುದು ಕ್ರಿಪ್ಟೊ ಅಲ್ಲ, ಅದರ ಬೆಲೆಯ ಮೇಲೆ ಆ ಕಂಪನಿ ಕೊಟ್ಟ ಮಾತು.

ಈ ಸಾಧನಗಳಲ್ಲಿ ಹಿರಿಯಣ್ಣ ಟ್ರೆಜರ್. ಪ್ರಾಗ್‌ನ ಸತೋಶಿಲ್ಯಾಬ್ಸ್ 2014ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಲೆಡ್ಜರ್ ಕಂಪನಿ ಹುಟ್ಟಿತು. ಈಗ ಹೆಚ್ಚು ಹೆಸರು ಕೇಳುವುದು ಅದರದೇ. ಟೊರಾಂಟೊದ ಕೋಲ್ಡ್‌ಕಾರ್ಡ್ ಬಿಟ್‌ಕಾಯಿನ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಸ್ವಿಟ್ಜರ್ಲೆಂಡ್‌ನ ಬಿಟ್‌ಬಾಕ್ಸ್ ಇದೆ, ಮುಖ್ಯವಾಗಿ ಕ್ಯೂಆರ್ ಕೋಡ್ ಮೂಲಕ ಮಾತಾಡುವ ಕೀಸ್ಟೋನ್ ಇದೆ. ನಮ್ಮ ದೇಶದ್ದೇ ಬೇಕೆನ್ನುವವರಿಗೆ ಸೈಫರಾಕ್ ಇದೆ: ಕೀಯ ಗುಟ್ಟನ್ನು ಐದು ಚೂರು ಮಾಡಿ ಒಂದನ್ನು ಸಾಧನದಲ್ಲಿ, ನಾಲ್ಕನ್ನು ನಾಲ್ಕು ಕಾರ್ಡ್‌ಗಳಲ್ಲಿ ಇಡುತ್ತದೆ, ಯಾವುದೇ ಎರಡು ಚೂರು ಸೇರಿದರೆ ಕೆಲಸ ನಡೆಯುತ್ತದೆ. ಒಂದು ಕಾರ್ಡ್ ಕಳೆದರೂ ಒಂದು ಕಾರ್ಡ್ ಕಳುವಾದರೂ ಮುಳುಗುವುದಿಲ್ಲ.

ಬಲ್ಲವರು ಸೇರಿದಲ್ಲಿ ಜಗಳ ಎರಡು ವಿಷಯಕ್ಕೆ. ಒಂದು ಪಂಗಡದ ಪ್ರಕಾರ ಕೀ ಇರಬೇಕಾದದ್ದು ಸೆಕ್ಯೂರ್ ಎಲಿಮೆಂಟ್‌ನಲ್ಲಿ. ಡೆಬಿಟ್ ಕಾರ್ಡ್, ಪಾಸ್‌ಪೋರ್ಟ್‌ಗಳಲ್ಲಿ ಇರುವ ಜಾತಿಯ ಈ ಚಿಪ್ ಬಿಚ್ಚಿ ಕೆದಕಿದರೂ ಗುಟ್ಟು ಬಿಡದಂತೆ ತಯಾರಾಗಿರುತ್ತದೆ. ಲೆಡ್ಜರ್ ಮೊದಲಿನಿಂದಲೂ ಈ ದಾರಿಯದು. ಇನ್ನೊಂದು ಪಂಗಡಕ್ಕೆ ಮುಚ್ಚಿಟ್ಟ ಕೋಡ್ ಮೇಲೆ ನಂಬಿಕೆಯಿಲ್ಲ; ಒಳಗೆ ಓಡುವ ಪ್ರತಿ ಸಾಲೂ ಎಲ್ಲರೂ ಓದುವಂತಿರಬೇಕು. ಟ್ರೆಜರ್ ಈ ಕಡೆಯದು. ಎರಡು ಪಂಗಡಕ್ಕೂ ಮುಖಭಂಗ ಆಗಿದೆ. 2020ರ ಜನವರಿಯಲ್ಲಿ ಕ್ರಾಕನ್ ಎಕ್ಸ್‌ಚೇಂಜ್‌ನ ಭದ್ರತಾ ತಂಡ, ಕೈಗೆ ಸಿಕ್ಕ ಟ್ರೆಜರ್‌ನಿಂದ 15 ನಿಮಿಷದಲ್ಲಿ ಗುಟ್ಟನ್ನು ಹೊರತೆಗೆಯಬಹುದು ಎಂದು ತೋರಿಸಿತು. ಚಿಪ್‌ಗೆ ಹೋಗುವ ವಿದ್ಯುತ್ತನ್ನು ಸರಿಯಾದ ಕ್ಷಣದಲ್ಲಿ ಏರುಪೇರು ಮಾಡಿ ಅದು ಬೆಚ್ಚಿಬೀಳುವಂತೆ ಮಾಡುವ ವಿದ್ಯೆ ಅದು. 2023ರಲ್ಲಿ ಬಂದ ಸೇಫ್ 3 ಮಾದರಿಯಿಂದ ಟ್ರೆಜರ್ ಕೂಡ ಸೆಕ್ಯೂರ್ ಎಲಿಮೆಂಟ್ ಹಾಕತೊಡಗಿತು. ಅದೇ ವರ್ಷ ಮೇ ತಿಂಗಳಲ್ಲಿ ಲೆಡ್ಜರ್, ಗುಟ್ಟನ್ನು ಮೂರು ಭಾಗ ಮಾಡಿ ಮೂರು ಕಂಪನಿಗಳಲ್ಲಿ ಇಟ್ಟು, ಬೇಕೆಂದಾಗ ಗುರುತಿನ ಚೀಟಿ ತೋರಿಸಿದರೆ ವಾಪಸ್ ಕೊಡುವ ರಿಕವರ್ ಎಂಬ ಚಂದಾ ಸೇವೆ ಪ್ರಕಟಿಸಿತು. ಬೇಕಾದವರಿಗೆ ಮಾತ್ರ ಎಂದರೂ, 'ಹೊರಗೆ ಬರುವುದೇ ಇಲ್ಲ ಎಂದಿರಲ್ಲ, ಈಗ ಹೇಗೆ ಬರುತ್ತದೆ' ಎಂದು ಗ್ರಾಹಕರು ತಿರುಗಿಬಿದ್ದರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಈ ಜಗಳದಿಂದ ಹೆಚ್ಚೇನೂ ಆಗಬೇಕಾದ್ದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಬೀರು ಒಡೆದು, ಸಾಧನವನ್ನು ಪ್ರಯೋಗಾಲಯಕ್ಕೆ ಒಯ್ದು, ಚಿಪ್‌ಗೆ ತಂತಿ ಹಚ್ಚಿ ಕೂರುವ ಕಳ್ಳ ಅಪರೂಪ. ದಾರಿಯಲ್ಲಿ ಹೋಗುವವನ ಕೈಗೆ ಸಿಕ್ಕರೆ ಪಿನ್ ಸಾಕು: ಲೆಡ್ಜರ್ ಮೂರು ಸಲ ತಪ್ಪಿದರೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಟ್ರೆಜರ್ ಇನ್ನೂ ಕೆಲವು ಸಲ ಕಾದು. ಹಣ ಹೋಗುವ ದಾರಿಗಳು ಬೇರೆ, ಅವು ಬಹುಮಟ್ಟಿಗೆ ನಿಮ್ಮ ಕೈಯಿಂದಲೇ ಹಾಯುತ್ತವೆ.

ಪರದೆಗೆ ವಾಪಸ್ ಬರೋಣ. ಬಿಟ್‌ಕಾಯಿನ್‌ನ ಈಗಿನ ಸಾಮಾನ್ಯ ವಿಳಾಸದಲ್ಲಿ 42 ಅಕ್ಷರ-ಅಂಕಿಗಳಿರುತ್ತವೆ, ಇಥೀರಿಯಮ್‌ನದರಲ್ಲೂ ಅಷ್ಟೇ. ಯಾರೂ ಅದನ್ನು ಟೈಪ್ ಮಾಡುವುದಿಲ್ಲ, ಕಾಪಿ-ಪೇಸ್ಟ್ ಮಾಡುತ್ತಾರೆ. ಕಾಪಿ ಮಾಡಿದ್ದು ಪೇಸ್ಟ್ ಆಗುವಷ್ಟರಲ್ಲಿ ವಿಳಾಸವನ್ನೇ ಬದಲಿಸುವ ವೈರಸ್‌ಗಳು ಹಳೆಯವು. ಅದಕ್ಕಿಂತ ನಯವಾದ ಮೋಸವೂ ಇದೆ. ನೀವು ಆಗಾಗ ಹಣ ಕಳಿಸುವ ವಿಳಾಸದ ಮೊದಲ ಮತ್ತು ಕೊನೆಯ ಕೆಲವು ಅಕ್ಷರ ಹೋಲುವ ವಿಳಾಸ ಸೃಷ್ಟಿಸಿ, ಅಲ್ಲಿಂದ ನಿಮಗೆ ಚಿಲ್ಲರೆ ಕಾಸು ಕಳಿಸುತ್ತಾರೆ. ಮುಂದಿನ ಸಲ ಹಳೆಯ ವ್ಯವಹಾರಗಳ ಪಟ್ಟಿಯಿಂದ ನೀವು ಎತ್ತಿಕೊಳ್ಳುವ ವಿಳಾಸ ಕಳ್ಳನದಾಗಲಿ ಎಂಬ ಆಸೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆಯೇ 6.8 ಕೋಟಿ ಡಾಲರ್‌ನಷ್ಟು ಕಳಿಸಿಬಿಟ್ಟರು. ಕಳ್ಳ ಮನಸ್ಸು ಬದಲಿಸಿ ಬಹುಪಾಲನ್ನು ಹಿಂತಿರುಗಿಸಿದ, ಅದು ಅವರ ಪುಣ್ಯ.

ಇಲ್ಲಿ ಸಾಧನದ ಪರದೆಯೊಂದೇ ಸುಳ್ಳು ಹೇಳದ ಸಾಕ್ಷಿ. ಆದರೆ ಅದನ್ನು ಓದುವ ತಾಳ್ಮೆ ಇರಬೇಕು. ಲೆಡ್ಜರ್ ನ್ಯಾನೊ ಎಸ್ ಪ್ಲಸ್‌ನಂಥ ಅಗ್ಗದ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ: ಪೆನ್‌ಡ್ರೈವ್‌ನಷ್ಟು ದೊಡ್ಡದು, ಮೇಲಂಚಿನಲ್ಲಿ ಎರಡು ಗುಂಡಿ, ಉಗುರಿನ ಅಗಲದ ಕಪ್ಪು-ಬಿಳುಪು ಪರದೆ. ಬಲಗುಂಡಿ ಒತ್ತಿದರೆ ಮುಂದಿನ ಪುಟ, ಎಡಗುಂಡಿಗೆ ಹಿಂದಿನದು, ಎರಡನ್ನೂ ಒಟ್ಟಿಗೆ ಒತ್ತಿದರೆ ಒಪ್ಪಿಗೆ. ಮೊತ್ತ ಒಂದು ಪುಟ, ವಿಳಾಸ ಇನ್ನೊಂದು, ಶುಲ್ಕ ಮತ್ತೊಂದು. ಚಾಳೀಸು ದಾಟಿದ ಕಣ್ಣು ಕನ್ನಡಕ ಹುಡುಕಬೇಕು. ಹತ್ತನೆಯ ವ್ಯವಹಾರದ ಹೊತ್ತಿಗೆ ಬೆರಳಿಗೆ ಅಭ್ಯಾಸವಾಗಿ, ಓದದೆ ಟಕಟಕ ಒತ್ತಿ ಮುಗಿಸುವ ಚಾಳಿ ಬರುತ್ತದೆ. ಟ್ರೆಜರ್ ಸೇಫ್ 5, ಲೆಡ್ಜರ್ ಫ್ಲೆಕ್ಸ್‌ನಂಥ ದೊಡ್ಡ ಟಚ್ ಪರದೆಯವಕ್ಕೆ ಹೆಚ್ಚು ದುಡ್ಡು ಕೊಡುವುದು ಶೋಕಿಯೆಂದು ಮೊದಲು ಅನ್ನಿಸುತ್ತದೆ. ಆದರೆ ಅರವತ್ತು ದಾಟಿದವರಿಗೆ ನಾನು ಅಂಥದ್ದನ್ನೇ ಕೊಳ್ಳಲು ಹೇಳುತ್ತೇನೆ. ಇಡೀ ವಿಳಾಸ ಒಂದೇ ನೋಟಕ್ಕೆ ಕಾಣುವುದು ಚಿಪ್‌ನ ಯಾವ ಸರ್ಟಿಫಿಕೇಟ್‌ಗಿಂತಲೂ ಉಪಯೋಗದ್ದು.

ಬಿಟ್‌ಕಾಯಿನ್ ಮಾತ್ರ ಇಡುವವರ ಪಾಡು ಇದರಲ್ಲಿ ಸುಲಭ. ಯಾರಿಗೆ, ಎಷ್ಟು, ಶುಲ್ಕವೆಷ್ಟು ಎಂಬಲ್ಲಿಗೆ ವ್ಯವಹಾರದ ವಿವರ ಮುಗಿಯಿತು. ಇಥೀರಿಯಮ್ ಲೋಕದಲ್ಲಿ ಹಾಗಲ್ಲ. ಅಲ್ಲಿ ಸಹಿ ಎಂದರೆ ಯಾವುದೋ ಪ್ರೋಗ್ರಾಮಿಗೆ ಕೊಡುವ ಆದೇಶ, 'ನನ್ನ ಟೋಕನ್‌ಗಳನ್ನೆಲ್ಲ ಇವನು ಯಾವಾಗ ಬೇಕಾದರೂ ಎತ್ತಿಕೊಳ್ಳಬಹುದು' ಎಂಬ ಅನುಮತಿಯೂ ಆಗಿರಬಹುದು. ಅದನ್ನು ಮನುಷ್ಯರು ಓದುವ ಭಾಷೆಯಲ್ಲಿ ತೋರಿಸುವ ಕ್ಲಿಯರ್ ಸೈನಿಂಗ್ ವ್ಯವಸ್ಥೆಯನ್ನು ಈಗ ಕಂಪನಿಗಳು ಬೆಳೆಸುತ್ತಿವೆ. ನೀವು ಬಳಸುವ ಕಾಯಿನ್, ನೀವು ಬಳಸುವ ಸೇವೆಗೆ ಅದು ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಸೆಟ್ಟಿಂಗ್ಸ್‌ನಲ್ಲಿ ಬ್ಲೈಂಡ್ ಸೈನಿಂಗ್ ಆನ್ ಮಾಡಿ ಎಂದು ಯಾವುದಾದರೂ ಜಾಲತಾಣ ಕೇಳಿದರೆ ಅಲ್ಲಿಂದ ಎದ್ದುಬರುವುದು ವಾಸಿ.

ಎಲ್ಲಿ ಕೊಳ್ಳುತ್ತೀರಿ ಎಂಬುದು ಏನು ಕೊಳ್ಳುತ್ತೀರಿ ಎಂಬಷ್ಟೇ ಮುಖ್ಯ. ರಷ್ಯಾದ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ 2023ರ ಮೇ ತಿಂಗಳಲ್ಲಿ ಒಂದು ಪ್ರಕರಣದ ವಿವರ ಪ್ರಕಟಿಸಿತು. ಒಬ್ಬರು ಟ್ರೆಜರ್ ಮಾಡೆಲ್ ಟಿ ಕೊಂಡಿದ್ದರು. ಡಬ್ಬಿ ಸರಿಯಾಗಿತ್ತು, ಹೊಳೆಯುವ ಹೋಲೊಗ್ರಾಮ್ ಸ್ಟಿಕ್ಕರ್ ಹರಿದಿರಲಿಲ್ಲ, ಆನ್ ಮಾಡಿದರೆ ಎಲ್ಲ ಅಸಲಿಯಂತೆಯೇ ನಡೆಯುತ್ತಿತ್ತು. ಒಂದು ದಿನ, ಸಾಧನ ಕಂಪ್ಯೂಟರ್‌ಗೆ ಜೋಡಿಸಿರದಿದ್ದಾಗಲೇ, 1.33 ಬಿಟ್‌ಕಾಯಿನ್ ಬೇರೆಯವರ ವಿಳಾಸಕ್ಕೆ ಹೋಗಿತ್ತು. ಬಿಚ್ಚಿ ನೋಡಿದವರಿಗೆ ಮೊದಲು ಕಂಡದ್ದು ಅಂಟು: ಅಸಲಿಯಲ್ಲಿ ಎರಡು ಅರ್ಧಗಳನ್ನು ಅಲ್ಟ್ರಾಸಾನಿಕ್ ವಿಧಾನದಲ್ಲಿ ಬೆಸೆದಿರುತ್ತಾರೆ, ಇದರಲ್ಲಿ ಗೋಂದು ಮತ್ತು ಡಬಲ್ ಸೈಡ್ ಟೇಪ್. ಒಳಗೆ ಬೇರೆ ಮೈಕ್ರೊಕಂಟ್ರೋಲರ್, ಅದರ ಸುತ್ತ ಮತ್ತೆ ಬೆಸುಗೆ ಹಾಕಿದ ಗುರುತು. ಕೀಯನ್ನು ಮರಳಿ ಕಟ್ಟಲು ಬೇಕಾದ ಗುಟ್ಟಿನ ಪದಗಳನ್ನು ತಾನೇ ಹೊಸದಾಗಿ ಹುಟ್ಟಿಸುತ್ತಿದ್ದೇನೆ ಎಂದು ನಟಿಸುತ್ತ ಅದು ಕಳ್ಳರು ಮೊದಲೇ ತುಂಬಿಟ್ಟಿದ್ದ 20 ಗುಚ್ಛಗಳಲ್ಲಿ ಒಂದನ್ನು ಎತ್ತಿ ಕೊಡುತ್ತಿತ್ತು. ಕೊಂಡ ದಿನದಿಂದಲೇ ಬೀಗದ ಕೈ ಕಳ್ಳರ ಬಳಿಯೂ ಇತ್ತು.

ಆದ್ದರಿಂದ ಕಂಪನಿಯ ಸ್ವಂತ ಜಾಲತಾಣ, ಅಥವಾ ಅದು ತನ್ನ ಅಧಿಕೃತ ಮಾರಾಟಗಾರರೆಂದು ಹೆಸರಿಸಿದವರು: ಇವೆರಡು ಬಿಟ್ಟು ಬೇರೆಡೆ ಬೇಡ. ಆನ್‌ಲೈನ್ ಅಂಗಡಿಗಳಲ್ಲಿ ಐನೂರು ರೂಪಾಯಿ ಕಡಿಮೆಗೆ ಕೊಡುವ ಅಪರಿಚಿತ ಮಾರಾಟಗಾರ ಬೇಡ, ಸ್ನೇಹಿತ ಬಳಸಿ ಬಿಟ್ಟದ್ದೂ ಬೇಡ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಬೀಳಲಿ. ಡಬ್ಬಿಯಲ್ಲಿ ಮೊದಲೇ ಪದಗಳನ್ನು ಮುದ್ರಿಸಿದ ಕಾರ್ಡ್ ಸಿಕ್ಕಿದರೆ, ಅದು ಎಷ್ಟೇ ಚೆಂದದ ಸ್ಕ್ರ್ಯಾಚ್ ಕಾರ್ಡ್ ಆಗಿರಲಿ, ಆ ಸಾಧನ ಬಳಸಬೇಡಿ. ಜೊತೆಗಿನ ಆ್ಯಪ್ ಕೂಡ ಕಂಪನಿಯ ತಾಣದಿಂದಲೇ ಬರಬೇಕು. 2023ರಲ್ಲಿ ಮೈಕ್ರೊಸಾಫ್ಟ್‌ನ ಅಧಿಕೃತ ಆ್ಯಪ್ ಸ್ಟೋರ್‌ನಲ್ಲೇ ಲೆಡ್ಜರ್ ಹೆಸರಿನ ನಕಲಿ ಆ್ಯಪ್ ಕೂತಿತ್ತು, ಅದನ್ನು ನಂಬಿದವರು ಲಕ್ಷಾಂತರ ಡಾಲರ್ ಕಳೆದುಕೊಂಡರು.

ಅಧಿಕೃತವಾಗಿ ಕೊಂಡರೂ ಒಂದು ತೊಡಕಿದೆ. 2020ರಲ್ಲಿ ಲೆಡ್ಜರ್‌ನ ಗ್ರಾಹಕರ ಪಟ್ಟಿ ಸೋರಿ, ಸುಮಾರು 10 ಲಕ್ಷ ಇಮೇಲ್, ಜೊತೆಗೆ ಎರಡೂಮುಕ್ಕಾಲು ಲಕ್ಷದಷ್ಟು ಜನರ ಹೆಸರು, ಮನೆ ವಿಳಾಸ, ಫೋನ್ ನಂಬರ್ ಇಂಟರ್‌ನೆಟ್‌ನಲ್ಲಿ ಬಿದ್ದವು. ಇಂಥ ಮನೆಯಲ್ಲಿ ಕ್ರಿಪ್ಟೊ ಇದೆ ಎಂಬ ಪಟ್ಟಿಯೇ ಅದು. ಮರುವರ್ಷ ಕೆಲವರಿಗೆ ಅಂಚೆಯಲ್ಲಿ ಹೊಚ್ಚಹೊಸ ಲೆಡ್ಜರ್ ಬಂತು, 'ನಿಮ್ಮ ಹಳೆಯದು ಸುರಕ್ಷಿತವಲ್ಲ, ಇದನ್ನು ಬಳಸಿ' ಎಂಬ ಪತ್ರದ ಜೊತೆ. ಅದು ನಕಲಿಯಾಗಿತ್ತು. 2025ರ ಜನವರಿಯಲ್ಲಿ ಲೆಡ್ಜರ್‌ನ ಸಹಸಂಸ್ಥಾಪಕರೊಬ್ಬರನ್ನೇ ಫ್ರಾನ್ಸ್‌ನಲ್ಲಿ ಅಪಹರಿಸಿ, ಬೆರಳು ಕತ್ತರಿಸಿ ಹಣ ಕೇಳಿದರು. ಮನೆಯ ವಿಳಾಸಕ್ಕೆ ಬದಲು ಆಫೀಸಿನದನ್ನು ಕೊಡುವುದು, ಬೇರೆ ಇಮೇಲ್ ಇಟ್ಟುಕೊಳ್ಳುವುದು ಅತಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ನನ್ನ ಹತ್ತಿರ ಇಷ್ಟು ಬಿಟ್‌ಕಾಯಿನ್ ಇದೆ ಎಂದು ಹೇಳದಿರುವುದು ಇನ್ನೂ ಒಳ್ಳೆಯದು.

ಸಾಧನ ಮೊದಲ ಸಲ ಆನ್ ಆದಾಗ ಒಂದೊಂದಾಗಿ 12 ಅಥವಾ 24 ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಸೀಡ್ ಫ್ರೇಸ್ ಎನ್ನುವ ಈ ಪದಗಳೇ ನಿಮ್ಮ ಆಸ್ತಿ. ಸಾಧನ ಬರೀ ಉಪಕರಣ. ಅದು ಹಾಳಾದರೆ, ಕಳೆದರೆ, ಕಂಪನಿಯೇ ಮುಚ್ಚಿಹೋದರೆ, ಬೇರೆ ಕಂಪನಿಯ ಸಾಧನದಲ್ಲಿ ಇದೇ ಪದಗಳನ್ನು ಕೊಟ್ಟು ಎಲ್ಲವನ್ನೂ ಮರಳಿ ಪಡೆಯಬಹುದು. ಇದು ಸಾಧ್ಯವಾಗಿರುವುದು 2013ರ ಬಿಐಪಿ 39 ಎಂಬ ಮಾನದಂಡದಿಂದ. ಅದರ ಪಟ್ಟಿಯಲ್ಲಿ 2048 ಪದಗಳಿವೆ, 'ಅಬ್ಯಾಂಡನ್'ನಿಂದ ಹಿಡಿದು 'ಜೂ'ವರೆಗೆ. ಮೊದಲ ನಾಲ್ಕು ಅಕ್ಷರ ನೋಡಿದರೆ ಪದ ಯಾವುದೆಂದು ಗೊತ್ತಾಗುವಂತೆ ಆರಿಸಿದ್ದಾರೆ. ಜಪಾನಿ, ಕೊರಿಯನ್, ಝೆಕ್ ಪಟ್ಟಿಗಳಿವೆ, ಭಾರತದ ಯಾವ ಭಾಷೆಯದೂ ಇಲ್ಲ. ಹೀಗಾಗಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಡಿ. ಉಚ್ಚಾರಣೆ ಉಳಿದು ಸ್ಪೆಲ್ಲಿಂಗ್ ಕೈಬಿಟ್ಟರೆ ಹತ್ತು ವರ್ಷದ ಮೇಲೆ ಮನೆಯವರು ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲಿಷ್‌ನಲ್ಲಿ, ದೊಡ್ಡಕ್ಷರದಲ್ಲಿ, ಕ್ರಮಸಂಖ್ಯೆ ಹಾಕಿ ಬರೆಯಿರಿ. ಇನ್ನೊಂದು ಎಚ್ಚರ: ಟ್ರೆಜರ್‌ನ ಹೊಸ ಮಾದರಿಗಳು ತಾವಾಗಿ ಕೊಡುವುದು ಬೇರೆ ಪದ್ಧತಿಯ 20 ಪದಗಳನ್ನು. ಪದ್ಧತಿ ಕೆಟ್ಟದ್ದಲ್ಲ, ಆದರೆ ಆ 20 ಪದ ಲೆಡ್ಜರ್‌ನಲ್ಲಿ ನಡೆಯುವುದಿಲ್ಲ.

ಫೋಟೊ ತೆಗೆಯುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳುವುದು, ಜಿಮೇಲ್ ಡ್ರಾಫ್ಟ್‌ನಲ್ಲಿ ಇಡುವುದು, ಎಲ್ಲ ಒಂದೇ. 2025ರ ಫೆಬ್ರುವರಿಯಲ್ಲಿ ಇದೇ ಕ್ಯಾಸ್ಪರ್‌ಸ್ಕಿ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶವನ್ನು ಪತ್ತೆ ಮಾಡಿತು. ಗೂಗಲ್ ಮತ್ತು ಆ್ಯಪಲ್ ಎರಡರ ಸ್ಟೋರ್‌ಗಳ ಕೆಲವು ಆ್ಯಪ್‌ಗಳಲ್ಲಿ ಅಡಗಿದ್ದ ಅದು ಮೊಬೈಲ್ ಗ್ಯಾಲರಿಯ ಚಿತ್ರಗಳಲ್ಲಿನ ಬರಹ ಓದಿ, ಸೀಡ್ ಪದಗಳಿದ್ದ ಫೋಟೊಗಳನ್ನು ಕದಿಯುತ್ತಿತ್ತು. ಕಾಗದವೇ ಸರಿ. ಆದರೆ ನಮ್ಮಲ್ಲಿ ಕಾಗದಕ್ಕೆ ಗೆದ್ದಲಿದೆ, ಮಲೆನಾಡು-ಕರಾವಳಿಯಲ್ಲಿ ನಾಲ್ಕು ತಿಂಗಳ ತೇವವಿದೆ, ಬಾಲ್‌ಪೆನ್ನಿನ ಶಾಯಿ ಹರಡುತ್ತದೆ. ಅದಕ್ಕೇ ಪದಗಳನ್ನು ಕೊರೆದಿಡುವ ಸ್ಟೀಲ್ ತಗಡುಗಳು ಬಂದಿವೆ. ಕಂಪನಿಗಳು ಸಾವಿರಾರು ರೂಪಾಯಿಗೆ ಮಾರುತ್ತವೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಬೀದಿಯಲ್ಲಿ ಒಂದು ಸೆಟ್ ಲೆಟರ್ ಪಂಚ್ ಮತ್ತು ಅಂಗೈಯಗಲದ ಸ್ಟೇನ್‌ಲೆಸ್ ತಗಡು ಕೊಂಡು, ಸುತ್ತಿಗೆಯಿಂದ ಪ್ರತಿ ಪದದ ಮೊದಲ ನಾಲ್ಕಕ್ಷರ ಹೊಡೆದರೂ ಅದೇ ಫಲ. ಸ್ಟೇನ್‌ಲೆಸ್ ಸ್ಟೀಲ್ ಕರಗುವುದು 1400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಮನೆಗೆ ಬೆಂಕಿ ಬಿದ್ದರೂ ಅಕ್ಷರ ಉಳಿಯುತ್ತದೆ. ಹೊಡೆಯುವ ಕೆಲಸವನ್ನು ಅಂಗಡಿಯವನಿಗೆ ಕೊಡಬೇಡಿ.

ಪದಗಳ ಪ್ರತಿ ಎರಡು ಕಡೆ ಇರಲಿ: ಒಂದು ಮನೆಯಲ್ಲಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲೋ ಊರಿನ ತವರಿನಲ್ಲೋ. ಲಾಕರ್ ಎಂದರೆ ಪೂರ್ತಿ ಭರವಸೆಯೆಂದಲ್ಲ. ಕಳವು, ಬೆಂಕಿ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ ಎಂದು ರಿಸರ್ವ್ ಬ್ಯಾಂಕ್ ನಿಯಮವೇ ಹೇಳುತ್ತದೆ. ತಗಡಿನ ಮೇಲಿನ ಪದಗಳನ್ನು ಯಾರೋ ಓದಿಕೊಂಡು ಹೋದರೆ ಏನು ಹೋಯಿತೆಂದು ತೋರಿಸುವುದೂ ಕಷ್ಟ. ಹೆದರಿಕೆ ಜಾಸ್ತಿ ಇದ್ದವರಿಗೆ ಪಾಸ್‌ಫ್ರೇಸ್ ಇದೆ: ಪದಗಳ ಜೊತೆ ನೀವೇ ಆರಿಸಿದ ಇನ್ನೊಂದು ಗುಟ್ಟು ಸೇರಿಸಿದರೆ ಬೇರೆಯೇ ವಾಲೆಟ್ ತೆರೆಯುತ್ತದೆ, ತಗಡು ಸಿಕ್ಕವನಿಗೆ ಅದು ಸಿಗುವುದಿಲ್ಲ. ನಾನು ಇದನ್ನು ಹೊಸಬರಿಗೆ ಹೇಳುವುದಿಲ್ಲ. ಒಂದಕ್ಷರ ಮರೆತರೂ ಸಾಧನ ತಪ್ಪೆಂದು ಹೇಳದೆ ಖಾಲಿ ವಾಲೆಟ್ ತೆರೆದು ಸುಮ್ಮನಿರುತ್ತದೆ.

ದೊಡ್ಡ ಮೊತ್ತ ಕಳಿಸುವ ಮೊದಲು ಒಂದು ತಾಲೀಮು ನಡೆಯಲೇಬೇಕು. ಸಣ್ಣ ಮೊತ್ತ ಕಳಿಸಿ, ಸಾಧನವನ್ನು ಬೇಕೆಂದೇ ಅಳಿಸಿ, ಬರೆದಿಟ್ಟ ಪದಗಳಿಂದ ಮರಳಿ ಕಟ್ಟಿ, ಆ ಮೊತ್ತ ಮತ್ತೆ ಕಾಣುತ್ತದೆಯೇ ನೋಡಿ. ಬರೆಯುವಾಗ ಆದ ತಪ್ಪು ಗೊತ್ತಾಗಬೇಕಾದದ್ದು ಅವತ್ತು, ಐದು ವರ್ಷ ಕಳೆದು ಸಾಧನ ಕೆಟ್ಟ ದಿನವಲ್ಲ. ಪದಗಳನ್ನು ಒತ್ತಬೇಕಾದದ್ದು ಸಾಧನದ ಮೇಲೆ ಮಾತ್ರ. 'ಸರ್, ಕಸ್ಟಮರ್ ಕೇರ್‌ನಿಂದ ಮಾತಾಡ್ತಿದೀನಿ, ವೆರಿಫಿಕೇಶನ್‌ಗೆ ನಿಮ್ಮ ಪದಗಳನ್ನ ಈ ಲಿಂಕಲ್ಲಿ ಹಾಕಿ' ಎಂದು ಯಾರಾದರೂ ಕರೆ ಮಾಡಿದರೆ, ಅವರು ಕಂಪನಿಯವರಲ್ಲ. ಯಾವ ಕಂಪನಿಗೂ ಅದು ಬೇಕಾಗಿಲ್ಲ.

ತೆರಿಗೆಯದು ಎರಡೇ ಮಾತು. ನಿಮ್ಮ ಎಕ್ಸ್‌ಚೇಂಜ್ ಖಾತೆಯಿಂದ ನಿಮ್ಮದೇ ಸಾಧನಕ್ಕೆ ಸಾಗಿಸುವುದು ಮಾರಾಟವಲ್ಲ. ಮಾರಿದಾಗ ಲಾಭದ ಮೇಲೆ 30% ತೆರಿಗೆ 2022ರ ಏಪ್ರಿಲ್‌ನಿಂದ ಇದೆ, ಅದೇ ವರ್ಷದ ಜುಲೈನಿಂದ 1% ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಸಾಧನಕ್ಕೆ ಸಾಗಿಸಿದ ಮೇಲೆ ಯಾವಾಗ ಎಷ್ಟಕ್ಕೆ ಕೊಂಡದ್ದು ಎಂಬ ಲೆಕ್ಕ ಇಡುವವರು ನೀವೇ. ಆ್ಯಪ್ ಮುಚ್ಚಿಹೋದರೆ ಹಳೆಯ ಸ್ಟೇಟ್‌ಮೆಂಟ್ ಕೂಡ ಹೋಗುತ್ತದೆ, ಈಗಲೇ ಇಳಿಸಿಕೊಳ್ಳಿ.

ನೀವೇ ಇಲ್ಲವಾದರೆ ಮನೆಯವರ ಗತಿಯೇನು ಎಂಬುದನ್ನೂ ಯೋಚಿಸಬೇಕು. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಜೈಪುರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 30. ಪಾಸ್‌ವರ್ಡ್‌ಗಳು ಅವರೊಬ್ಬರಿಗೇ ಗೊತ್ತಿದ್ದವು ಎಂದು ಕಂಪನಿ ಹೇಳಿತು, ಸಾವಿರಾರು ಗ್ರಾಹಕರು ಬಾಯಿ ಬಡಿದುಕೊಂಡರು. ತನಿಖೆ ನಡೆದಾಗ ಆ ವಾಲೆಟ್‌ಗಳು ಮೊದಲೇ ಖಾಲಿಯಾಗಿದ್ದು ತಿಳಿಯಿತು. ಅವರು ಗ್ರಾಹಕರ ಹಣವನ್ನು ನುಂಗಿದ್ದರು. ಆದರೆ ಮೊದಲ ಕೆಲವು ವಾರ ಜಗತ್ತು ಕಂಪನಿಯ ಮಾತನ್ನು ನಂಬಿತ್ತು, ಯಾಕೆಂದರೆ ಹಾಗೆ ಆಗುವುದು ಸಾಧ್ಯ. ಹಾರ್ಡ್‌ವೇರ್ ವಾಲೆಟ್‌ಗೆ ನಾಮಿನಿ ಕಾಲಂ ಇಲ್ಲ. ಬ್ಯಾಂಕಿನಲ್ಲಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ನೋಟರಿ ಎಂದು ಅಲೆದಾಡಿದರೂ ಕೊನೆಗೊಮ್ಮೆ ದುಡ್ಡು ಬರುತ್ತದೆ. ಇಲ್ಲಿ ಅಲೆಯಲು ಕೌಂಟರೇ ಇಲ್ಲ.

ಹಾಗಾಗಿ ಪದಗಳಿರುವ ತಗಡಿನ ಜೊತೆಗೆ ಅಲ್ಲ, ಬೇರೆ ಕಡೆ, ಕನ್ನಡದಲ್ಲೇ ಒಂದು ಪತ್ರ ಬರೆದಿಡಬೇಕು. ಇಂಥ ಹೆಸರಿನ ಸಾಧನ ಇಂಥ ಬೀರುವಿನಲ್ಲಿದೆ, ಪದಗಳ ತಗಡು ಇಂಥ ಕಡೆ ಇದೆ, ಅದನ್ನು ಯಾವ ಜಾಲತಾಣಕ್ಕೂ ಹಾಕಬೇಡಿ, ಯಾರಿಗೂ ಫೋನಿನಲ್ಲಿ ಓದಿ ಹೇಳಬೇಡಿ, ಸಹಾಯಕ್ಕೆ ಮನೆಯಲ್ಲಿ ಇಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿಟ್‌ಕಾಯಿನ್ ಎಷ್ಟು, ಇಥರ್ ಎಷ್ಟು, ಕೊಂಡ ಬೆಲೆಯ ಕಡತ ಯಾವ ಡ್ರಾಯರ್‌ನಲ್ಲಿದೆ ಎಂಬುದೂ ಇರಲಿ. ಸಾಧ್ಯವಿದ್ದರೆ ಒಂದು ಭಾನುವಾರ ಹೆಂಡತಿಯನ್ನೋ ಗಂಡನನ್ನೋ ಮಗಳನ್ನೋ ಕೂರಿಸಿ, ಆ ಪತ್ರ ಮಾತ್ರ ಅವರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ, ಐನೂರು ರೂಪಾಯಿಯ ಮೊತ್ತವನ್ನು ಅವರೇ ಹೊರತೆಗೆಯುವಂತೆ ಮಾಡಿ ನೋಡಿ. ಎಲ್ಲಿ ತಡವರಿಸುತ್ತಾರೋ ಪತ್ರದಲ್ಲಿ ಅಲ್ಲಿ ಇನ್ನೊಂದು ಸಾಲು ಸೇರಿಸಬೇಕು.